ಅಮೆರಿಕದ ಹತ್ತಿರ 11 ವಿಮಾನವಾಹಕ ನೌಕೆ, ಚೀನಾದ ಹತ್ತಿರ 3. ಹಾಗಿದ್ದರೂ ಅಮೆರಿಕಕ್ಕೆ ಚೀನಾದ ಶಿಪ್‌ಯಾರ್ಡ್‌ಗಳ ಅಂಜಿಕೆ ಯಾಕೆ?

ಇವತ್ತು ಎಷ್ಟು ಹಡಗು ಇವೆ ಅನ್ನುವುದಕ್ಕಿಂತ, ಒಂದು ಮುಳುಗಿದರೆ ಇನ್ನೊಂದು ಎಷ್ಟು ಬೇಗ ನೀರಿಗಿಳಿಯುತ್ತದೆ ಅನ್ನುವುದು ದೊಡ್ಡ ಪ್ರಶ್ನೆ.

ಎರಡನೇ ಮಹಾಯುದ್ಧದಲ್ಲಿ ಈ ಆಟ ಅಮೆರಿಕದ ಕೈಯಲ್ಲಿತ್ತು. 1941ರಿಂದ 1945ರೊಳಗೆ ಲಿಬರ್ಟಿ ಮಾದರಿಯ ಸರಕು ಹಡಗುಗಳನ್ನೇ 2,700ಕ್ಕೂ ಹೆಚ್ಚು ಕಟ್ಟಿತು. 1942ರಲ್ಲಿ ಒಂದನ್ನಂತೂ ಐದು ದಿನದೊಳಗೆ ನೀರಿಗಿಳಿಸಿದರು (ಅದರಲ್ಲಿ ಪ್ರಚಾರದ ಪಾಲೂ ಇತ್ತು, ಬಿಡಿ). ಈಗ ಟನ್ ಲೆಕ್ಕದಲ್ಲಿ ಜಗತ್ತಿನ ವಾಣಿಜ್ಯ ಹಡಗುಗಳ ಸುಮಾರು ಅರ್ಧ ಚೀನಾದಲ್ಲೇ ತಯಾರಾಗುತ್ತವೆ. ಅಮೆರಿಕದ ಪಾಲು ಶೇ. 1ಕ್ಕಿಂತ ಕಡಿಮೆ.

ಸರಕು ಹಡಗಿಗೂ ನೌಕಾಪಡೆಗೂ ಏನು ಸಂಬಂಧ ಅಂತೀರಾ? ನಮ್ಮ ಬೆಳಗಾವಿ ಉದ್ಯಮಬಾಗದ ಯಾವುದೇ ಫೌಂಡ್ರಿಯವರನ್ನು ಕೇಳಿ. ಆರ್ಡರ್ ನಿಂತು ಭಟ್ಟಿ ಆರಿದರೆ ಯಂತ್ರ ಅಲ್ಲೇ ಇರುತ್ತದೆ, ನುರಿತ ಮೋಲ್ಡರ್ ಇರುವುದಿಲ್ಲ. ಬೇರೆ ಕೆಲಸ ಹಿಡಿದಿರುತ್ತಾನೆ. ಆಮೇಲೆ ದೊಡ್ಡ ಆರ್ಡರ್ ಬಂದರೆ ರೊಕ್ಕ ಇದ್ದರೂ ಆ ಕೈ ಸಿಗುವುದಿಲ್ಲ. ಚೀನಾದಲ್ಲಿ ಸರಕು ಹಡಗಿನ ಆರ್ಡರುಗಳೇ ವೆಲ್ಡರು, ಕ್ರೇನು, ಉಕ್ಕಿನ ಪೂರೈಕೆ ಎಲ್ಲವನ್ನೂ ಸದಾ ಚಾಲೂ ಇಟ್ಟಿವೆ. ಕೆಲವು ಯಾರ್ಡ್‌ಗಳಲ್ಲಿ ಯುದ್ಧನೌಕೆಯೂ ಅಲ್ಲೇ ಪಕ್ಕದಲ್ಲಿ ಏಳುತ್ತದೆ.

ಹಾಗಂತ ಬರೀ ಎಣಿಕೆ ನೋಡಿ ತೀರ್ಪು ಕೊಡಬೇಡಿ. ಪೆಂಟಗನ್ ಲೆಕ್ಕದಲ್ಲಿ ಚೀನಾದ ನೌಕಾಪಡೆ 370 ಹಡಗು ದಾಟಿದೆ, ಅಮೆರಿಕದ್ದು 300ರ ಆಸುಪಾಸು. ಆದರೆ ಅಮೆರಿಕದ ಹಡಗುಗಳು ಸರಾಸರಿಯಲ್ಲಿ ದೊಡ್ಡವು, ಅದರ ಜಲಾಂತರ್ಗಾಮಿಗಳೆಲ್ಲ ಅಣುಶಕ್ತಿಯಿಂದ ಓಡುವವು.

ಮುಳುಗಿದ ದೊಡ್ಡ ಹಡಗಿನ ಜಾಗ ತುಂಬಲು ಎಷ್ಟು ಕಾಲ ಬೇಕು ಅನ್ನುವುದಕ್ಕೆ ನಮ್ಮದೇ ವಿಮಾನವಾಹಕ ನೌಕೆ ವಿಕ್ರಾಂತ್ ನೋಡಿ: ಕೊಚ್ಚಿಯಲ್ಲಿ 2009ರಲ್ಲಿ ತಳ ಹಾಕಿದ್ದು, ಸೇವೆಗೆ ಸೇರಿದ್ದು 2022ರಲ್ಲಿ.