‘ಡ್ರೈ’ ಯಾವ ಪದ? ಇಂಗ್ಲಿಷ್ ವ್ಯಾಕರಣ ಪ್ರಶ್ನೋತ್ತರ

ಪ್ರಶ್ನೆ: ಮಗಳು ಏಳನೇ ತರಗತಿ. ಪಾರ್ಟ್ಸ್ ಆಫ್ ಸ್ಪೀಚ್ (ಪದಗಳ ವರ್ಗಗಳು) ಎಂಟನ್ನೂ ಬಾಯಿಪಾಠ ಒಪ್ಪಿಸುತ್ತಾಳೆ. ವಾಕ್ಯ ಕೊಟ್ಟು ಗುರುತಿಸು ಎಂದರೆ ತಡವರಿಸುತ್ತಾಳೆ. ‘ಡ್ರೈ’ ಅಡ್ಜೆಕ್ಟಿವ್ (ಗುಣವಾಚಕ) ಎಂದು ಬರೆದು ಅಂಕ ಕಳೆದುಕೊಂಡಳು. ನಿಘಂಟಿನಲ್ಲಿ ಹಾಗೇ ಇದೆಯಲ್ಲ?
(ಗೋಣಿಕೊಪ್ಪಲಿನ ಓದುಗರು)

ಉತ್ತರ: ನಿಘಂಟಿನಲ್ಲಿ ಇನ್ನು ಸ್ವಲ್ಪ ಕೆಳಗೆ ಓದಿ, ಅದೇ ಪದಕ್ಕೆ ವರ್ಬ್ (ಕ್ರಿಯಾಪದ) ಎಂದೂ ಕೊಟ್ಟಿರುತ್ತಾರೆ. ತೊಡಕು ಇರುವುದೇ ಇಲ್ಲಿ. ಕನ್ನಡದಲ್ಲಿ ‘ಒಣ’, ‘ಒಣಗು’, ‘ಒಣಗಿಸು’ ಎಂದು ಪದದ ರೂಪವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಡ್ರೈ’ ಒಂದೇ. ನಮಗೆ ಪ್ರತ್ಯಯ ಹೇಳುವುದನ್ನು ಅಲ್ಲಿ ಪದ ಕೂತ ಜಾಗ ಹೇಳುತ್ತದೆ. ಆದ್ದರಿಂದ ಬಿಡಿಪದವನ್ನು ತೋರಿಸಿ ‘ಇದು ಯಾವುದು’ ಎಂದು ಮಗುವನ್ನು ಕೇಳಲೇಬೇಡಿ, ವಾಕ್ಯವನ್ನೇ ಕೊಡಿ.

ಕಾಫಿ ಕಣದ ಒಂದು ವಾಕ್ಯ ತೆಗೆದುಕೊಳ್ಳೋಣ: ‘ದಿ ವರ್ಕರ್ಸ್ ಸ್ಲೋಲಿ ಡ್ರೈ ದಿ ವೆಟ್ ಬೀನ್ಸ್ ಇನ್ ದಿ ಯಾರ್ಡ್.’

ಮೊದಲು ವರ್ಬ್ ಹುಡುಕಿ. ವಾಕ್ಯದ ಆರಂಭಕ್ಕೆ ‘ಯೆಸ್ಟರ್‌ಡೇ’ ಸೇರಿಸಿ ಓದಿದಾಗ ಯಾವ ಪದ ಬದಲಾಗುತ್ತದೋ ಅದೇ ವರ್ಬ್. ಇಲ್ಲಿ ‘ಡ್ರೈ’ ಹೋಗಿ ‘ಡ್ರೈಡ್’ ಆಯಿತು. ‘ಕಟ್’, ‘ಪುಟ್’ ಇಂಥವು ನಿನ್ನೆಗೂ ಬದಲಾಗುವುದಿಲ್ಲ. ಆಗ ಕರ್ತೃವಿನ ಜಾಗಕ್ಕೆ ‘ಹೀ’ ಹಾಕಿ ನೋಡಿ, ‘ಕಟ್ಸ್’, ‘ಪುಟ್ಸ್’ ಎಂದು ಕೊನೆಗೆ ‘ಎಸ್’ ಬಂದು ಸಿಕ್ಕಿಬೀಳುತ್ತವೆ.

ಆಮೇಲೆ ನೌನ್ (ನಾಮಪದ). ‘ದಿ’ ಯಾವ ಪದಕ್ಕಾಗಿ ಬಂದಿದೆ ಎಂದು ಕೇಳಿ: ವರ್ಕರ್ಸ್, ಬೀನ್ಸ್, ಯಾರ್ಡ್. ‘ದಿ ವೆಟ್’ ಎಂದು ಅಲ್ಲಿಗೇ ನಿಲ್ಲಿಸಿದರೆ ಇಲ್ಲಿ ಮಾತು ಮುಗಿಯುವುದಿಲ್ಲ, ‘ಬೀನ್ಸ್’ ಬರಲೇಬೇಕು. ನಡುವಿನ ‘ವೆಟ್’ ಪಕ್ಕ ‘ವೆರಿ’ ಹಾಕಬಹುದು, ಮುಂದಿನ ನೌನನ್ನು ಅದು ಬಣ್ಣಿಸುತ್ತದೆ, ಹಾಗಾಗಿ ಅಡ್ಜೆಕ್ಟಿವ್. ‘ಸ್ಲೋಲಿ’ ಎಂದರೆ ‘ನಿಧಾನವಾಗಿ’, ಹೇಗೆ ಒಣಗಿಸಿದರು ಎಂಬುದಕ್ಕೆ ಉತ್ತರ, ಅದು ಅಡ್ವರ್ಬ್ (ಕ್ರಿಯಾವಿಶೇಷಣ). ‘ಇನ್’ ಎಂಬುದು ‘ಕಣದಲ್ಲಿ’ಯ ‘ಅಲ್ಲಿ’. ನಮ್ಮಲ್ಲಿ ನಾಮಪದದ ಬಾಲಕ್ಕೆ ಅಂಟುವುದು ಅವರಲ್ಲಿ ಮುಂದೆ ನಿಲ್ಲುತ್ತದೆ, ಅದಕ್ಕೇ ಮಕ್ಕಳಿಗೆ ಪ್ರಿಪೊಸಿಷನ್ ಕಣ್ಣಿಗೆ ಬೀಳುವುದು ತಡ. ಅದರ ನಂತರ ನೌನ್ ಇರಬೇಕು ಎಂಬುದನ್ನು ಮರೆಯಬೇಡಿ. ‘ಹೀ ವೆಂಟ್ ಅಪ್ ದಿ ಹಿಲ್’ ಎಂದಾಗ ‘ಅಪ್’ ಪ್ರಿಪೊಸಿಷನ್. ‘ಹೀ ವೆಂಟ್ ಅಪ್’ ಎಂದು ಬಿಟ್ಟರೆ ಅಡ್ವರ್ಬ್.

‘ದಿ’ಯನ್ನು ಎಂಟರ ಲೆಕ್ಕ ಹಿಡಿಯುವ ಪುಸ್ತಕಗಳು ಅಡ್ಜೆಕ್ಟಿವ್ ಗುಂಪಿಗೆ ಸೇರಿಸುತ್ತವೆ, ಹೊಸ ವ್ಯಾಕರಣಗಳು ಡಿಟರ್ಮಿನರ್ (ನೌನ್ ಯಾವುದೆಂದು ಗೊತ್ತುಮಾಡುವ ಪದ) ಎಂದು ಬೇರೆ ಇಡುತ್ತವೆ. ಪರೀಕ್ಷೆಗೆ ಮಗಳ ಪಠ್ಯಪುಸ್ತಕದ ಲೆಕ್ಕವನ್ನೇ ಹಿಡಿಯಿರಿ.

ಪ್ರಶ್ನೆ: ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಕನ್ನಡದಲ್ಲಿ ಕಲಿತ ಮಕ್ಕಳು ಇಂಗ್ಲಿಷಿನ ಐದು ಬಗೆಯ ನೌನ್‌ಗಳನ್ನು ಅದಕ್ಕೆ ಹೊಂದಿಸಲು ಹೋಗಿ ಗೊಂದಲ ಮಾಡಿಕೊಳ್ಳುತ್ತಾರೆ.
(ವಿರಾಜಪೇಟೆಯ ಶಿಕ್ಷಕಿ)

ಉತ್ತರ: ಅಂಕಿತನಾಮ ಮತ್ತು ಪ್ರಾಪರ್ ನೌನ್ ಸರಿಯಾಗಿ ಜೋಡಿಯಾಗುತ್ತವೆ: ಮಡಿಕೇರಿ, ಕಾವೇರಿ, ತಡಿಯಂಡಮೋಳ್. ರೂಢನಾಮ ಕಾಮನ್ ನೌನ್‌ಗೆ ಹತ್ತಿರ: ಊರು, ನದಿ, ಬೆಟ್ಟ. ಮಕ್ಕಳು ಎಡವುವುದು ಅನ್ವರ್ಥನಾಮದಲ್ಲಿ. ವೈದ್ಯ, ವ್ಯಾಪಾರಿ, ಶಿಕ್ಷಕ ನಮಗೆ ಬೇರೆ ಗುಂಪು. ಇಂಗ್ಲಿಷಿನಲ್ಲಿ ಡಾಕ್ಟರ್, ಮರ್ಚೆಂಟ್, ಟೀಚರ್ ಮೂರೂ ಕಾಮನ್ ನೌನ್. ಇದನ್ನು ಮೊದಲ ದಿನವೇ ಹೇಳಿಬಿಡಿ. ಉಳಿದಂತೆ ಗುಂಪಿಗೆ ಕಲೆಕ್ಟಿವ್ (ಹರ್ಡ್, ಟೀಮ್, ಕೊಡವ ಮನೆತನಕ್ಕೆ ಹೇಳುವ ನಮ್ಮ ‘ಒಕ್ಕ’ದಂಥ ಪದ), ವಸ್ತುವಿಗೆ ಮೆಟೀರಿಯಲ್ (ಹನಿ, ರೈಸ್, ಗೋಲ್ಡ್), ಮುಟ್ಟಲಾಗದ್ದಕ್ಕೆ ಆ್ಯಬ್‌ಸ್ಟ್ರಾಕ್ಟ್. ನಮ್ಮ ‘ತನ’ದ ಕೆಲಸವನ್ನು ಅಲ್ಲಿ ‘ನೆಸ್’, ‘ಹುಡ್’, ‘ಶಿಪ್’ ಮಾಡುತ್ತವೆ: ಕೈಂಡ್‌ನೆಸ್, ಚೈಲ್ಡ್‌ಹುಡ್, ಫ್ರೆಂಡ್‌ಶಿಪ್. ‘ಪಾವರ್ಟಿ’, ‘ಡೆಪ್ತ್’ ಇಂಥವನ್ನು ಒಂದೊಂದಾಗಿ ಕಲಿಯಬೇಕಷ್ಟೆ.

ಕನ್ನಡ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಹಾಗಾಗಿ ಮಗು ಪ್ರಾಪರ್ ನೌನನ್ನು ಸಣ್ಣಕ್ಷರದಲ್ಲಿ ಬರೆದರೆ ಅದು ಅಸಡ್ಡೆಯಲ್ಲ, ಅಭ್ಯಾಸವಿಲ್ಲದ್ದು. ‘ಮಡಿಕೇರಿ ಫೋರ್ಟ್’ ಎಂದಾಗ ಫೋರ್ಟ್‌ಗೂ ಕ್ಯಾಪಿಟಲ್; ‘ದಿ ಫೋರ್ಟ್ ಈಸ್ ಓಲ್ಡ್’ ಎಂದಾಗ ಬೇಡ. ಈ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿ.

ಪ್ರಶ್ನೆ: ‘ಪಿಕಿಂಗ್’ ನೌನೋ ವರ್ಬೋ? ‘ಕಾಫಿ ಎಸ್ಟೇಟ್’ನಲ್ಲಿ ‘ಕಾಫಿ’ ಅಡ್ಜೆಕ್ಟಿವ್ ತಾನೇ?
(ಸುಂಟಿಕೊಪ್ಪದ ವಿದ್ಯಾರ್ಥಿ)

ಉತ್ತರ: ‘ಶೀ ಈಸ್ ಪಿಕಿಂಗ್ ಬೆರೀಸ್’ ಎಂದರೆ ‘ಕೊಯ್ಯುತ್ತಿದ್ದಾಳೆ’, ವರ್ಬ್. ‘ಪಿಕಿಂಗ್ ಈಸ್ ಹಾರ್ಡ್ ವರ್ಕ್’ ಎಂದರೆ ‘ಕೊಯ್ಯುವುದು ಕಷ್ಟದ ಕೆಲಸ’, ನೌನ್. ಇದನ್ನು ಜೆರಂಡ್ ಎನ್ನುತ್ತಾರೆ. ಕನ್ನಡದಲ್ಲಿ ‘ಉವುದು’ ಬಂದರೆ ಹೆಚ್ಚಾಗಿ ಅದು ಜೆರಂಡ್.

‘ಕಾಫಿ’ ಅಲ್ಲಿ ಅಡ್ಜೆಕ್ಟಿವ್‌ನ ಕೆಲಸ ಮಾಡುತ್ತಿದೆ, ಜಾತಿಯಲ್ಲಿ ನೌನೇ. ‘ಬಿಗ್ ಎಸ್ಟೇಟ್’ ‘ವೆರಿ ಬಿಗ್’ ಆಗಬಹುದು, ‘ವೆರಿ ಕಾಫಿ ಎಸ್ಟೇಟ್’ ಆಗದು. ಕೆಲವು ಶಾಲಾ ಪುಸ್ತಕಗಳು ಇದನ್ನೂ ಅಡ್ಜೆಕ್ಟಿವ್ ಎನ್ನುತ್ತವೆ, ಆದರೆ ಅದನ್ನು ನೌನ್ ಎಂದು ಇಟ್ಟುಕೊಳ್ಳುವುದೇ ಸರಿ.

ಪ್ರಶ್ನೆ: ‘ದಿ ಕಾಫಿ ಸ್ಮೆಲ್ಸ್ ವೆಲ್’ ಎಂದು ಬರೆದದ್ದು ಏಕೆ ತಪ್ಪು? ‘ಚೆನ್ನಾಗಿ’ ಎಂದರೆ ‘ವೆಲ್’ ಅಲ್ಲವೇ?
(ಸೋಮವಾರಪೇಟೆಯ ಓದುಗರು)

ಉತ್ತರ: ‘ಆದ’ ಬಂದರೆ ಅಡ್ಜೆಕ್ಟಿವ್, ‘ಆಗಿ’ ಬಂದರೆ ಅಡ್ವರ್ಬ್ ಎಂಬ ಸೂತ್ರ ಬಹುಮಟ್ಟಿಗೆ ನಂಬಿಕಸ್ಥ: ಸುಂದರವಾದ, ಬ್ಯೂಟಿಫುಲ್; ಸುಂದರವಾಗಿ, ಬ್ಯೂಟಿಫುಲಿ. ಕೈಕೊಡುವುದು ಇಲ್ಲೇ. ಬಿ, ಸೀಮ್, ಬಿಕಮ್, ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್: ಇವು ಕರ್ತೃ ಹೇಗಿದೆ ಎಂದು ಹೇಳುವಾಗ ತಮ್ಮ ನಂತರ ಅಡ್ಜೆಕ್ಟಿವನ್ನೇ ಬೇಡುತ್ತವೆ. ಚೆನ್ನಾಗಿರುವುದು ಕಾಫಿ, ಮೂಸುವ ಕೆಲಸವಲ್ಲ. ಆದ್ದರಿಂದ ‘ಸ್ಮೆಲ್ಸ್ ಗುಡ್’. ನಾವು ‘ಕಾಫಿ ಘಮ ಚೆನ್ನಾಗಿದೆ’ ಎನ್ನುವುದರಿಂದ ‘ಆಗಿ’ ಕಿವಿಗೆ ಬಿದ್ದು ದಾರಿ ತಪ್ಪಿಸುತ್ತದೆ. ವರ್ಬ್ ತೆಗೆದು ‘ಈಸ್’ ಹಾಕಿ ನೋಡಿ. ‘ದಿ ಕಾಫಿ ಈಸ್ ಗುಡ್’ ನಿಂತರೆ ಅಡ್ಜೆಕ್ಟಿವೇ ಸರಿ.

ಇನ್ನೊಂದು ಎಚ್ಚರ. ‘ಲಿ’ ಬಂದದ್ದೆಲ್ಲ ಅಡ್ವರ್ಬ್ ಅಲ್ಲ: ಫ್ರೆಂಡ್ಲಿ, ಲವ್ಲಿ, ಲೋನ್ಲಿ ಅಡ್ಜೆಕ್ಟಿವ್‌ಗಳು. ‘ಹಾರ್ಡ್ಲಿ’ ಎಂದರೆ ಕಷ್ಟಪಟ್ಟು ಅಲ್ಲ, ‘ಇಲ್ಲವೆನ್ನುವಷ್ಟು ಕಡಿಮೆ’.

ಪ್ರಶ್ನೆ: ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’ ಎಂದು ಮಕ್ಕಳು ಬರೆಯುವುದನ್ನು ತಿದ್ದಿ ತಿದ್ದಿ ಸಾಕಾಗಿದೆ.
(ಕುಶಾಲನಗರದ ಓದುಗರು)

ಉತ್ತರ: ಕನ್ನಡದಲ್ಲಿ ‘ಮಾಹಿತಿಗಳು’, ‘ಸಲಹೆಗಳು’ ಸಲೀಸು, ತಪ್ಪಿನ ಬೇರು ಅದೇ. ಇಂಗ್ಲಿಷಿನಲ್ಲಿ ಇವು ಎಣಿಸಲಾಗದ ನೌನ್‌ಗಳು. ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್ ಕೂಡ ಹಾಗೇ. ಎಣಿಸಬೇಕಾದಾಗ ಅಳತೆಯ ಪದ ಮುಂದೆ ಬರುತ್ತದೆ: ‘ಟು ಪೀಸಸ್ ಆಫ್ ಅಡ್ವೈಸ್’. ಎರಡು ಕೆಜಿ ಜೇನು ಎನ್ನುತ್ತೇವೆ, ಬರೀ ಎರಡು ಜೇನು ಎನ್ನುವುದಿಲ್ಲವಲ್ಲ? ಅದನ್ನೇ ತೋರಿಸಿ ಹೇಳಿಕೊಡಿ. ‘ಮೆನಿ’ಯ ಬದಲು ‘ಮಚ್’ ಕೂಡ ಆಗಲೇ ಕಲಿಸಿಬಿಡಿ.

ಪ್ರಶ್ನೆ: ‘ಎ ಹರ್ಡ್ ಆಫ್ ಎಲಿಫೆಂಟ್ಸ್’ ಆದಮೇಲೆ ‘ಹ್ಯಾಸ್’ ಬರಬೇಕೋ ‘ಹ್ಯಾವ್’ ಬರಬೇಕೋ?
(ಸಿದ್ದಾಪುರದ ಓದುಗರು)

ಉತ್ತರ: ‘ಹ್ಯಾಸ್’. ‘ಎಲಿಫೆಂಟ್ಸ್’ ಪಕ್ಕದಲ್ಲೇ ಇರುವುದರಿಂದ ‘ಹ್ಯಾವ್’ ಬರೆಯುವ ಹಾಗಾಗುತ್ತದೆ. ವಾಕ್ಯದ ಒಡೆಯ ‘ಹರ್ಡ್’, ಹಿಂಡು ಒಂದೇ. ‘ಆಫ್’ನಿಂದ ಮುಂದಿನದ್ದನ್ನು ಬೆರಳಿನಿಂದ ಮುಚ್ಚಿ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಪ್ರಾಪರ್ ನೌನ್‌ಗೆ ‘ದಿ’ ಬೇಡ ಎನ್ನುತ್ತಾರೆ, ‘ದಿ ಕಾವೇರಿ’ ಎಂದೂ ಬರೆಯುತ್ತಾರೆ.
(ಭಾಗಮಂಡಲದ ಓದುಗರು)

ಉತ್ತರ: ನದಿಗಳಿಗೂ ಬೆಟ್ಟದ ಸಾಲುಗಳಿಗೂ ‘ದಿ’ ಬರುತ್ತದೆ: ದಿ ಕಾವೇರಿ, ದಿ ವೆಸ್ಟರ್ನ್ ಘಾಟ್ಸ್. ಊರಿಗೂ ಒಂಟಿ ಶಿಖರಕ್ಕೂ ಬೇಡ: ತಲಕಾವೇರಿ, ಮಡಿಕೇರಿ, ತಡಿಯಂಡಮೋಳ್.