ಪ್ರತಿಕ್ರಿಯೆ: ಮೊದಲ ಗುಂಡು ಮಾತ್ರ ಗುರಿ ತಪ್ಪುವುದೇಕೆ?

ಅಮೆರಿಕದ ಒಹಾಯೊದಲ್ಲಿ ಜನವರಿಯ ಜಿಂಕೆ ಬೇಟೆಗೆ ಸಿದ್ಧವಾಗುತ್ತಿರುವ ನಿಮ್ಮ 50 ಕ್ಯಾಲಿಬರ್ ಕ್ಯಾಪ್‌ಲಾಕ್ ಕೋವಿಯಲ್ಲಿ (ಬಾಯಿಂದ ಮದ್ದು ತುಂಬಿ, ಕ್ಯಾಪ್ ಎಂಬ ಪುಟ್ಟ ಸಿಡಿಮುಚ್ಚಳದ ಕಿಡಿಯಿಂದ ಹಾರಿಸುವ, ಸುಮಾರು ಅರ್ಧ ಇಂಚು ನಳಿಗೆಯ ಕೋವಿ) ಮೊದಲ ಗುಂಡು ಮೇಲೆ ಹೋಗಿ, ಉಳಿದವೆಲ್ಲ ಒಂದೇ ಕಡೆ ಬೀಳುತ್ತವೆ ಎಂದಿದ್ದೀರಿ. ಸೈಟ್ (ಗುರಿ ನೋಡುವ ಸಾಧನ) ಮುಟ್ಟಬೇಡಿ, ನನ್ನ ಅನುಮಾನ ಎಣ್ಣೆಯ ಮೇಲೆ. ತುಕ್ಕು ಹಿಡಿಯದಿರಲೆಂದು ನಳಿಗೆಗೆ ಸವರಿದ ಎಣ್ಣೆಯ ಮೇಲೆ ಮೊದಲ ಗುಂಡು ಜಾರುತ್ತದೆ. ಎರಡನೆಯದಕ್ಕೆ ಸಿಗುವುದು ಮೊದಲ ಗುಂಡಿನ ಮದ್ದು ಉರಿದು ಉಳಿದ ಮಸಿ.

ಮದ್ದು ತುಂಬುವ ಮುನ್ನ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆ, ಹಿಂದೆಯೇ ಒಣ ಬಟ್ಟೆ ಹಾಯಿಸಿ. ನಂತರ ನಳಿಗೆಯ ತುದಿಯನ್ನು ನೆಲದ ಮೇಲಿನ ಒಣ ಎಲೆಯತ್ತ ಹಿಡಿದು ಬರಿಯ ಕ್ಯಾಪ್ ಸಿಡಿಸಿ: ಎಲೆ ಅಲುಗಿದರೆ ಕಿಡಿಯ ದಾರಿ ತೆರೆದಿದೆ.

ರೇಂಜ್‌ನಲ್ಲಿ ಹಲವರು ಐದಾರು ಗುಂಡು ಹಾರಿಸಿ, ಕೊನೆಯ ಮೂರನ್ನು ಮೆಚ್ಚಿಕೊಂಡು ಮನೆಗೆ ಹೋಗುತ್ತಾರೆ. ಜಿಂಕೆ ಐದನೆಯ ಗುಂಡಿಗೆ ಕಾಯುವುದಿಲ್ಲ! ಪ್ರತಿ ಗುಂಡಿನ ನಂತರ ಒರೆಸಿ, ನಳಿಗೆ ಪೂರ್ತಿ ತಣ್ಣಗಾಗಲು ಬಿಡಿ. ಬೇರೆ ಬೇರೆ ದಿನಗಳ ಮೊದಲ ಗುಂಡುಗಳನ್ನು ಒಂದೇ ಹಾಳೆಯ ಮೇಲೆ ಕೂಡಿಸಿ, ಆ ಗುಂಪಿಗೆ ಸೈಟ್ ಹೊಂದಿಸಿ.

ಮೊದಲೇ ಒಂದು ಗುಂಡು ಹಾರಿಸಿ ಮಸಿ ಹಿಡಿಸಿಕೊಂಡು ಹೋಗಲೇ ಎಂದೂ ಕೇಳಿದ್ದೀರಿ. ಕಪ್ಪು ಮದ್ದಿನ ಮಸಿ ತೇವ ಹೀರುತ್ತದೆ, ಉಕ್ಕನ್ನು ತಿನ್ನುತ್ತದೆ. ದಿನವಿಡೀ ಹಿಮದಲ್ಲಿ ಕೂರುವವರಿಗೆ ನಾನು ಅದನ್ನು ಹೇಳಲಾರೆ.

ಮದ್ದಿನ ಅಳತೆ ಬದಲಾಗದಿರಲಿ. ಗುಂಡನ್ನು ನಳಿಗೆಯೊಳಗೆ ತಳ್ಳುವ ತುಂಬುಗೋಲಿಗೆ ಗೀಟು ಹಾಕಿಕೊಳ್ಳಿ. ಪ್ರತಿ ಸಲ ಕೋಲು ಆ ಗೀಟಿನವರೆಗೆ ಇಳಿದು, ಗುಂಡು ಮದ್ದಿಗೆ ತಾಗಿ ಕೂರಬೇಕು. ನಡುವೆ ಜಾಗ ಉಳಿದರೆ ಗುರಿ ತಪ್ಪುವುದಷ್ಟೇ ಅಲ್ಲ, ನಳಿಗೆಯೇ ಸಿಡಿಯಬಹುದು.