ಕರೆಂಟ್ ಹೋಗಿ ಬಂದಮೇಲೆ ಲಿನಕ್ಸ್ ಎಮರ್ಜೆನ್ಸಿ ಮೋಡ್‌ಗೆ ಹೋಗುವುದೇಕೆ?

ಮೂಡಿಗೆರೆಯ ತೋಟದ ಆಫೀಸಿನ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಹಾಕಿ, ಬೂಟ್ ಆಗುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಹೆಸರನ್ನು ಎಸ್‌ಡಿಬಿ1 ಎಂದು ಬರೆದಿದ್ದೀರಿ. ಈಗ ಬೂಟ್ ಆಗುತ್ತಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಈಗಲೇ ಗಾಬರಿ ಬೇಡ. ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಕಾಯಂ ಅಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದರಂತೆ ಅದಲುಬದಲಾಗುತ್ತವೆ. ಬರೆದ ಹೆಸರು ಸಿಗದಿದ್ದರೆ ಬೂಟ್ ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ರಿಪೇರಿಗೆಂದು ಕಮಾಂಡ್ ಪರದೆ ಮಾತ್ರ ಕೊಡುವ ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ.

ಅಲ್ಲಿ ರೂಟ್ (ಮುಖ್ಯ ಅಡ್ಮಿನ್) ಪಾಸ್‌ವರ್ಡ್ ಕೊಟ್ಟು ಒಳಹೋಗಿ. ಉಬುಂಟುವಿನಲ್ಲಿ ರೂಟ್ ಲಾಕ್ ಆಗಿರುತ್ತದೆ; ಒಳಹೋಗಲು ಆಗದಿದ್ದರೆ ಲಿನಕ್ಸ್ ಬೂಟ್ ಆಗುವ ಲೈವ್ ಪೆನ್‌ಡ್ರೈವ್ ಬೇಕು. ಬಿಎಲ್‌ಕೆಐಡಿ (blkid) ಕಮಾಂಡ್ ತೋರಿಸುವ ಯುಯುಐಡಿಯನ್ನು, ಅಂದರೆ ಡಿಸ್ಕಿನ ಕಾಯಂ ಗುರುತಿನ ಸಂಖ್ಯೆಯನ್ನು, ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಜಾಗದಲ್ಲಿ UUID= ಸೇರಿಸಿ ಬರೆಯಿರಿ. ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡದಿದ್ದರೆ ಅದು ಸಾಮಾನ್ಯವಾಗಿ ಬದಲಾಗುವುದಿಲ್ಲ. ಅದೇ ಸಾಲಿನ ಡೀಫಾಲ್ಟ್ಸ್ ಪದದ ನಂತರ ಅಲ್ಪವಿರಾಮ ಹಾಕಿ, ಜಾಗ ಬಿಡದೆ ನೋಫೇಲ್ (nofail) ಸೇರಿಸಿ. ಜಾಗ ಬಿಟ್ಟರೆ ಅದು ಬೇರೆ ಕಾಲಂ ಆಗಿ ಇಡೀ ಸಾಲು ಹಾಳು. ಬೂಟ್ ಆಗುವಾಗ ಡಿಸ್ಕ್ ತಪಾಸಣೆಯ ಸರದಿ ಹೇಳುವ ಕೊನೆಯ ಅಂಕಿ, ಡಿಸ್ಕ್ ಲಿನಕ್ಸ್‌ನ ಎಕ್ಸ್‌ಟಿ4 ಫಾರ್ಮ್ಯಾಟಿನಲ್ಲಿದ್ದರೆ 2, ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿದ್ದರೆ 0.

ನೋಫೇಲ್ ಇದ್ದಾಗ ಡಿಸ್ಕ್ ಬರದಿದ್ದರೂ ಬೂಟ್ ಆಗುತ್ತದೆ. ಆದರೆ ಬ್ಯಾಕಪ್ ಸದ್ದಿಲ್ಲದೆ ಖಾಲಿ ಫೋಲ್ಡರಿಗೆ ಬಿದ್ದು ಮುಖ್ಯ ಡಿಸ್ಕ್ ತುಂಬಬಹುದು. ಹಾಗಾಗಿ ಬ್ಯಾಕಪ್‌ಗೆ ಮುಂಚೆ ಡಿಸ್ಕ್ ಜೋಡಣೆಯಾಗಿದೆಯೇ ಎಂದು ಫೈಂಡ್‌ಮೌಂಟ್ (findmnt) ಕಮಾಂಡಿನಿಂದ ನೋಡಿಕೊಳ್ಳಿ. ಮಲೆನಾಡಿನ ಮಳೆಗಾಲಕ್ಕೆ ಯುಪಿಎಸ್ ಇಡಲೇಬೇಕು. ರೀಬೂಟ್‌ಗೆ ಮೊದಲು ಮೌಂಟ್ ಕಮಾಂಡನ್ನು ಮೈನಸ್ ಎ ಸೇರಿಸಿ (mount -a) ಓಡಿಸಿ. ಸಾಲು ಬರೆದದ್ದರಲ್ಲಿ ತಪ್ಪಿದ್ದರೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ; ಆದರೆ ನೋಫೇಲ್ ಇದ್ದರೆ ಡಿಸ್ಕ್ ಸಿಗದಿದ್ದರೂ ಅದು ದೂರದೆ ಸುಮ್ಮನಿರುತ್ತದೆ, ಫೈಂಡ್‌ಮೌಂಟ್‌ನಿಂದಲೂ ನೋಡಿ.